ಸಾಲಿನ ಕೊನೆಯ ಸೈಕಲ್ಲು

ಕೋಯಂಬೇಡು ಮಾರುಕಟ್ಟೆಯ ಹೊರಗೆ ಇನ್ನೂ ನಸುಗತ್ತಲೆ. ಬಾಳೆಎಲೆಯ ಕಟ್ಟುಗಳನ್ನು ಹೇರಿಕೊಂಡ ನಾಲ್ಕು ಸೈಕಲ್ಲುಗಳು ಒಂದರ ಹಿಂದೊಂದು ಪೋರೂರಿನ ದಾರಿ ಹಿಡಿದಿವೆ. ಕ್ಯಾರಿಯರ್ ಮೇಲಿನ ಹೊರೆ ಸವಾರರ ತಲೆಯನ್ನೂ ಮೀರಿ ಎದ್ದಿದೆ. ಹಿಂದೆ ಆನೆ ಬಂದರೂ ಅವರಿಗೆ ಕಾಣುವುದಿಲ್ಲ. ಐದನೆಯ ಸೈಕಲ್ಲಿನಲ್ಲಿ ಮಾತ್ರ ಒಂದು ಚೀಲ ಕೊತ್ತಂಬರಿ ಸೊಪ್ಪು. ಅದನ್ನು ತುಳಿಯುತ್ತಿರುವವರು ಗಂಗಾಧರ. "ವಂಡೀ... ವಂಡೀ!" ಎಂದು, ಗಾಡಿ ಬಂತೆಂದು ಅವರು ತಮಿಳಿನಲ್ಲಿ ಕೂಗುತ್ತಲೇ ಮುಂದಿನ ನಾಲ್ವರೂ ಎಡಕ್ಕೆ ಸರಿಯುತ್ತಾರೆ. ಲಾರಿಯೊಂದು ಬುಸುಗುಡುತ್ತಾ ದಾಟಿಹೋಗುತ್ತದೆ.

ಹಿಂದಿನಿಂದ ಗಾಡಿ ಬಂದರೆ ಕೂಗಿ ಹೇಳುವುದು, ಇದೇ ಅವರ ಕೆಲಸ. ಕುಂದಾಪುರದ ಕಡೆಯಿಂದ ಬಂದು ಪೋರೂರಿನ ಸಸ್ಯಾಹಾರಿ ಹೋಟೆಲುಗಳಲ್ಲಿ ದುಡಿಯುವ ಈ ಐವರು ತಮ್ಮೊಳಗೇ ಮಾಡಿಕೊಂಡ ಏರ್ಪಾಡು. ಹೊರೆಯಿಲ್ಲದ ಸುಖಪುರುಷ ಎಂದು ಉಳಿದವರು ರೇಗಿಸುತ್ತಾರೆ. "ಲಾರಿಯಾ, ಆಟೋವಾ, ನೀರಿನ ಟ್ಯಾಂಕರಾ, ಶಬ್ದದಲ್ಲೇ ಗೊತ್ತಾಗ್ತದೆ ಮಾರಾಯ್ರೇ. ತಿರುಗಿ ನೋಡುವ ಅಭ್ಯಾಸವೇ ಇರ್ಲಿಲ್ಲ ನಂಗೆ," ಎನ್ನುತ್ತಾರೆ ಗಂಗಾಧರ.

ಅದೇ ಮುಳುವಾಯಿತು. ಆರು ತಿಂಗಳ ಹಿಂದೆ, ವಳಸರವಾಕ್ಕಂ ಹತ್ತಿರ ರಸ್ತೆ ಕಿರಿದಾಗುವಲ್ಲಿ, ಬಿಳಿ ಕಾರೊಂದು ಸದ್ದೇ ಇಲ್ಲದೆ ಅವರ ಬಲಕ್ಕೆ ನುಸುಳಿ ಮುಂದೆ ಹೋಯಿತು. ಗಂಗಾಧರ ಬಾಯಿ ತೆರೆಯುವಷ್ಟರಲ್ಲಿ, ಮುಂದಿದ್ದ ಸೀತಾರಾಮ ಗುಂಡಿ ತಪ್ಪಿಸಲು ಬಲಕ್ಕೆ ಹೊರಳಿದ್ದರು. ರಸ್ತೆ ತುಂಬ ಎಲೆ. ಸೀತಾರಾಮ ಅವರ ಕಾಲಿನ ಮೂಳೆ ಮುರಿದಿತ್ತು.

ಕಾರಿನವರು ಓಡಿಹೋಗಲಿಲ್ಲ, ತಾವೇ ಆಸ್ಪತ್ರೆಗೆ ಕರೆದೊಯ್ದರು. ಈಗೀಗ ಬರತೊಡಗಿರುವ ಹೈಬ್ರಿಡ್ ಕಾರು ಅದು, ನಿಧಾನವಾಗಿ ಹೋಗುವಾಗ ಇಂಜಿನ್ ನಿಂತು ಬ್ಯಾಟರಿಯಲ್ಲೇ ಓಡುತ್ತದೆ ಎಂದು ವಿವರಿಸಿದರು. ಬೆಳಗಿನ ಜಾವ ಮಲಗಿದವರ ನಿದ್ದೆ ಕೆಡಿಸಬಾರದೆಂದು ಹಾರ್ನ್ ಹೊಡೆಯಲಿಲ್ಲವಂತೆ. ಮರ್ಯಾದಸ್ಥರು, ಬೈಯಲೂ ಆಗುವುದಿಲ್ಲ. ಗಂಗಾಧರ ಬೈದುಕೊಂಡದ್ದು ತಮ್ಮ ಕಿವಿಗಳನ್ನೇ. "ಗುಂಯ್ ಅಂತ ಒಂದು ಸದ್ದಾದ್ರೂ ಬೇಡ್ವಾ?"

ಈಗ ದಾರಿ ತಣ್ಣಗಾದರೆ ಅವರು ಮತ್ತೆ ಮತ್ತೆ ಹಿಂತಿರುಗಿ ನೋಡುತ್ತಾರೆ; ಏನೂ ಇಲ್ಲದಿದ್ದರೂ ಕೂಗಿಬಿಡುತ್ತಾರೆ. ಸುಳ್ಳು ಕೂಗು ಕೇಳಿ ಕೇಳಿ ಗೆಳೆಯರು ನಿಜವಾದ ಕೂಗನ್ನೂ ಲಕ್ಷಿಸದೆ ಹೋದರೆ ಎಂಬ ಭಯ ಬೇರೆ. ಸಂಜೆ ಅವರ ಕುತ್ತಿಗೆಗೆ ಎಣ್ಣೆ ತಿಕ್ಕುವ ಹೆಂಡತಿ ಚಂದ್ರಮತಿ ಗೊಣಗುತ್ತಾರೆ: "ಊಟಕ್ಕೆ ಕೂತ್ರೂ ತಿರುಗಿ ನೋಡ್ತಾರೆ. ಗೋಡೆಯಿಂದ ಕಾರು ಬರ್ತದಾ, ನೀವೇ ಕೇಳಿ."

ಇವತ್ತಿನ ಸಾಲಿನಲ್ಲಿ ಗಂಗಾಧರ ಅವರ ಮುಂದೆಯೇ ಇರುವ ಸೈಕಲ್ಲು ಸೀತಾರಾಮ ಅವರದು. ಬಿದ್ದ ಮೇಲೆ ಅವರು ಹೊರೆ ಹೇರಿದ್ದು ಇದೇ ಮೊದಲು. ಹೊರಡುವ ಮುಂಚೆ ಟೀ ಅಂಗಡಿಯಲ್ಲಿ ಗಂಗಾಧರ ತಲೆ ತಗ್ಗಿಸಿ, "ಇನ್ನು ನಾನು ಎಲೆ ತರ್ತೇನೆ, ಹಿಂದೆ ಬೇರೆ ಯಾರಾದ್ರೂ ಬರ್ಲಿ" ಎಂದಿದ್ದರು. ಸೀತಾರಾಮ ಕುಂಟುತ್ತಾ ಎದ್ದು, ಕೊತ್ತಂಬರಿ ಚೀಲವನ್ನು ಗಂಗಾಧರ ಅವರ ಕ್ಯಾರಿಯರಿಗೇ ಕಟ್ಟಿದರು. "ನೀನು ಹಿಂದೆ ಇದ್ರೆ ಮಾತ್ರ ನಾನು ಹೊರಡುದು."

"ಆ ಕಾರು ಮಾಡುವವರು ಸಿಕ್ಕಿದ್ರೆ ಹೇಳಿ," ಎನ್ನುತ್ತಾರೆ ಗಂಗಾಧರ, ಪೆಡಲು ತುಳಿಯುತ್ತಲೇ. "ಹೆಚ್ಚು ಬೇಡ. ಎಮ್ಮೆ ಕೊರಳಿನ ಗಂಟೆಯಷ್ಟು ಸದ್ದು ಇಟ್ರೆ ಸಾಕು."

ವಳಸರವಾಕ್ಕಂ ಬರುತ್ತದೆ. ಅದೇ ಕಿರಿದಾದ ರಸ್ತೆ. ಯಾವ ಸದ್ದೂ ಇಲ್ಲ. ಎಲೆಯ ರಾಶಿಯ ಆಚೆಯಿಂದ ಸೀತಾರಾಮ ಕೂಗುತ್ತಾರೆ: "ಗಂಗಾಧರಾ, ಹಿಂದೆ ಎಂತ ಉಂಟು?"

ಗಂಗಾಧರ ಹಿಂತಿರುಗಿ ನೋಡುತ್ತಾರೆ. ಸಾಲದೆಂದು ಇನ್ನೊಮ್ಮೆ ನೋಡುತ್ತಾರೆ.

"ಎಂತದೂ ಇಲ್ಲ ಸೀತಾರಾಮಣ್ಣ. ನಾನಿದ್ದೇನೆ, ನೀವು ಹೋಗಿ."