ಕೈಯಾರೆ ಕೊಡದ ನೀರು

ನಮ್ಮ ಅಪಾರ್ಟ್‌ಮೆಂಟಿಗೆ ಹೊಸ ಬೋರ್‌ವೆಲ್ ಹಾಕಿಸಿದ್ದಾರೆ. ಮೊನ್ನೆ ಬಕೆಟ್ಟಿಗೆ ಬಿಟ್ಟ ನೀರು ತುಕ್ಕು ಹಿಡಿದ ಕಬ್ಬಿಣದ ವಾಸನೆ ಹೊಡೆಯಿತು. ಹಿಡಿದಾಗ ತಿಳಿಯಾಗಿಯೇ ಇತ್ತು. ಸಂಜೆಗೆ ನೋಡಿದರೆ ತಳದಲ್ಲಿ ಕೆಂಪು ಗಸಿ. ಸೊಸೆ ಪ್ಲಂಬರ್‌ಗೆ ಫೋನ್ ಮಾಡುತ್ತಿದ್ದಳು. ನನಗೆ ಮಾತ್ರ ರಾಜಾಜಿನಗರದ ಪಕ್ಕದ ಮನೆ ಯಜಮಾನರು ನೆನಪಾಗಿ ಸಂಕಟವಾಯಿತು.

ಎಪ್ಪತ್ತರ ದಶಕ. ನಾನು ಮದುವೆಯಾಗಿ ಆ ಬೀದಿಗೆ ಬಂದ ಹೊಸದು, ಹತ್ತಿರದ ಸ್ಕೂಲಿನಲ್ಲಿ ಟೀಚರ್. ಆ ಯಜಮಾನರು ಬಿಹಾರದ ಕಡೆ ಯಾವುದೋ ಕಲ್ಲಿದ್ದಲು ಗಣಿಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದವರಂತೆ. ಗಣಿ ಮುಚ್ಚಿದ ಮೇಲೆ ಹೆಂಡತಿಯೊಡನೆ ವಾಪಸು ಬಂದಿದ್ದರು. ಮಕ್ಕಳಿರಲಿಲ್ಲ. ಮರ್ಯಾದಸ್ಥರೇ, ಆದರೆ ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರು ಕೊಡುತ್ತಿರಲಿಲ್ಲ. ಅವರ ಹೆಂಡತಿ, ನಾನು ದೊಡ್ಡಮ್ಮ ಎನ್ನುತ್ತಿದ್ದೆ, ಮನೆಯಲ್ಲಿದ್ದರೆ ನೀರು ತರುವಂತೆ ಅವರನ್ನು ಕೂಗುವರು. ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ಆಗಲಿ ಗಾರೆ ಕೆಲಸದವನಾಗಲಿ, ನಮ್ಮ ಮನೆ ಕಡೆ ಕೈ ತೋರಿಸುವರು. ಅತಿ ಮಡಿ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು.

ಒಂದು ಬೇಸಿಗೆ ಮಧ್ಯಾಹ್ನ ಸ್ಕೂಲಿನಿಂದ ಬಂದವಳು ನಮ್ಮ ಮನೆಗೆ ಬೀಗ ನೋಡಿ ಅವರಲ್ಲಿ ನೀರು ಕೇಳಿದೆ. "ಒಳಗಿದೆ, ನೀನೇ ತಗೊಳಮ್ಮ" ಎಂದು ಅಡುಗೆಮನೆ ತೋರಿಸಿ ಬೆನ್ನು ತಿರುಗಿಸಿದರು. ಮಡಿಯವರು ಕಂಡವರನ್ನು ಅಡುಗೆಮನೆಗೆ ಬಿಡುತ್ತಾರೆಯೇ? ಅಷ್ಟು ಯೋಚಿಸುವ ತಾಳ್ಮೆ ನನಗೆಲ್ಲಿತ್ತು. ಮೈಯೆಲ್ಲ ಉರಿದುಹೋಯಿತು.

ಕಾರಣ ತಿಳಿದದ್ದು ದೊಡ್ಡಮ್ಮ ಹಾಸಿಗೆ ಹಿಡಿದ ಮೇಲೆ. ಗಂಜಿ ಕೊಡಲು ಹೋದಾಗ ಅವರೇ ಹೇಳಿದರು. ಗಣಿ ನಡೆಯುವಾಗ ಒಳಗಿನ ನೀರು ಹೊರಹಾಕಲು ಪಂಪು ಹಗಲು ರಾತ್ರಿ ಓಡಿ, ಪಕ್ಕದ ಹಳ್ಳಿಯ ಬಾವಿಗಳೆಲ್ಲ ಬತ್ತಿದ್ದವು. ಪಂಪು ನಿಂತರೆ ನಿಮ್ಮ ನೀರು ನಿಮಗೆ ಬರುತ್ತದೆ ಎಂದು ಯಜಮಾನರು ಹಳ್ಳಿಯವರಿಗೆ ಮಾತು ಕೊಟ್ಟಿದ್ದರು. ಗಣಿ ನಿಂತ ಮೇಲೆ ಬಂತು ಕೂಡ. ಗಣಿಯೊಳಗೆಲ್ಲ ತುಂಬಿ ಬಾವಿಗೆ ಏರಿತು. ಜನ ಅನುಮಾನಿಸಿ ನಿಂತಾಗ ಇವರೇ ಸೇದಿ, ಮೊದಲು ತಾವು ಕುಡಿದು, ಪಕ್ಕದಲ್ಲಿದ್ದ ಮಗುವೊಂದಕ್ಕೆ ಕೈಯಾರೆ ಕುಡಿಸಿದರು. ಆಮೇಲೆ ಊರೆಲ್ಲ ಕುಡಿಯಿತು.

ಕೆಲವು ವಾರಗಳಲ್ಲಿ ನೀರು ಹುಳಿಯಾಯಿತು, ಕೊಡದೊಳಗೆ ಕೆಂಪು ಗಸಿ ಕಟ್ಟಿತು, ಮನೆಮನೆಯಲ್ಲೂ ವಾಂತಿಭೇದಿ. ಆ ಮಗು ಉಳಿಯಲಿಲ್ಲ... ನೀರಿನಿಂದಲೇ ಹೋಯಿತೇ, ಯಾರೂ ಖಚಿತವಾಗಿ ಹೇಳಲಿಲ್ಲ. ಗಣಿಯವರು ಅಷ್ಟರಲ್ಲಿ ಗಣಿಯ ಬಾಯಿ ಮುಚ್ಚಿ, ಮೇಲೆ ಮಣ್ಣು ಹರಡಿ, ಸಾಲಾಗಿ ಸಸಿ ನೆಟ್ಟು, ಜಾಗ ಮೊದಲಿನಂತಾಯಿತು ಎಂದು ಸಾರಿದ್ದರು. ಆ ಸಸಿಗಳಿಗೆ ಮಾತ್ರ ನೀರು ದೂರದಿಂದ ಟ್ಯಾಂಕರಿನಲ್ಲಿ ಬರುತ್ತಿತ್ತಂತೆ.

ಅಂದಿನಿಂದ ಇವರು ಯಾರಿಗೂ, ಕಟ್ಟಿಕೊಂಡ ಹೆಂಡತಿಗೂ, ಕೈಯಾರೆ ನೀರು ಕೊಟ್ಟಿರಲಿಲ್ಲ.

"ಕೊನೇ ನೀರಾದ್ರೂ ನಂಗೆ ಅವರೇ ಬಿಡ್ಬೇಕು ಕಣೇ. ಅಷ್ಟೇ ಆಸೆ," ಎಂದರು ದೊಡ್ಡಮ್ಮ. ನನಗೆ ದುಃಖ ತಡೆಯಲಾಗಲಿಲ್ಲ.

ಆ ದಿನವೂ ಬಂತು. ಡಾಕ್ಟರು ಕೈಚೆಲ್ಲಿ ಹೋಗಿದ್ದರು. ನಮ್ಮ ಅತ್ತೆ ಚಮಚದಲ್ಲಿ ನೀರು ಹಿಡಿದರೆ ದೊಡ್ಡಮ್ಮ ತುಟಿ ಬಿಗಿದು ಗಂಡನತ್ತ ಕಣ್ಣು ತಿರುಗಿಸಿದರು. ಹೊತ್ತು ಮೀರುತ್ತಿದೆ, ನೀವೇ ಬಿಡಿ ಎಂದು ನಮ್ಮ ಅತ್ತೆ ಗದರಿದರು. ಗೋಡೆಗೆ ಒರಗಿ ನಿಂತಿದ್ದ ಯಜಮಾನರು ಕೊನೆಗೂ ಹತ್ತಿರ ಬಂದು, ನಮ್ಮ ಮನೆಯಿಂದ ತಂದಿದ್ದ ಲೋಟ ಎತ್ತಿಕೊಂಡರು. ಎಲ್ಲರೂ ನೋಡುತ್ತಿದ್ದಂತೆ ಅರ್ಧ ಲೋಟ ತಾವೇ ಕುಡಿದುಬಿಟ್ಟರು.

ಮಿಕ್ಕಿದ್ದನ್ನು ಹಿಡಿದುಕೊಂಡು ಹಾಸಿಗೆ ಪಕ್ಕ ಕೂತರು. "ಅವತ್ತು ಕುಡಿದ ತಕ್ಷಣ ಕೊಟ್ಬಿಟ್ಟೆ ಕಣಮ್ಮ. ಇವತ್ತು ಸ್ವಲ್ಪ ಹೊತ್ತು ನೋಡಿ ಕೊಡ್ತೀನಿ," ಎಂದರು ನನಗೆ.

ಏನೂ ಆಗುವುದಿಲ್ಲ, ಕೊಡಿ ಎಂದು ಬೇಡಿಕೊಂಡೆ. ಅವರು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಾಯುತ್ತಲೇ ಇದ್ದರು. ದೊಡ್ಡಮ್ಮ ಅವರ ಮುಖವನ್ನೇ ನೋಡುತ್ತಿದ್ದರು... ನೋಡುತ್ತಲೇ ಇದ್ದುಬಿಟ್ಟರು.

"ಏನೂ ಆಗ್ಲಿಲ್ಲ. ಈಗ ಕೊಡ್ಲಾ?" ಎಂದು ಅವರು ಕೇಳುವ ಹೊತ್ತಿಗೆ ನಮ್ಮ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಈಗ ಆ ಇಬ್ಬರೂ ಇಲ್ಲ, ನಮ್ಮ ಅತ್ತೆಯೂ ಇಲ್ಲ. ಆ ಬೀದಿಯ ಹಳಬರು ಸಿಕ್ಕರೆ ಈಗಲೂ, ಸಾಯುವ ಹೆಂಡತಿಯ ಪಾಲಿನ ನೀರನ್ನು ತಾನೇ ಕುಡಿದ ಮಹಾನುಭಾವ ಎಂದು ಅವರನ್ನು ಆಡಿಕೊಳ್ಳುತ್ತಾರೆ. ನಾನು ಜಗಳಕ್ಕೆ ನಿಲ್ಲುತ್ತೇನೆ, ಯಾರು ಕೇಳುತ್ತಾರೆ? ಆ ನೀರನ್ನು ಅವತ್ತು ಬೆಳಿಗ್ಗೆ ನಲ್ಲಿಯಲ್ಲಿ ನಾನೇ ಹಿಡಿದಿಟ್ಟಿದ್ದೆ. ಚೆನ್ನಾಗಿಯೇ ಇತ್ತು.