ಹುಳಿ ತೋರಿಸದ ಎಂಜಲು

ನನ್ನ ಹೆಂಡತಿಯ ತಮ್ಮ ಹಲ್ಲಿನ ಆಸ್ಪತ್ರೆಯಲ್ಲಿ ಎಂಜಲು ಹಿಡಿಯುವ ಕೆಲಸದಲ್ಲಿದ್ದಾನೆ. ನಗುವವರು ಈಗಲೇ ನಕ್ಕುಬಿಡಿ. ಮೊದಲು ಬಸ್ ನಿಲ್ದಾಣದಲ್ಲಿ ನಿಂತು ಬಸ್ಸು ಹೋಗುವ ಊರುಗಳನ್ನು ಕೂಗುತ್ತಿದ್ದ. ಆಸ್ಪತ್ರೆಯ ಲಿಫ್ಟ್ ನಡೆಸುವ ನಾನೇ ಅವನನ್ನು ಅಲ್ಲಿಗೆ ಸೇರಿಸಿದ್ದು. ಬಾಯಿ ಮುಚ್ಚಲು ಬಾರದ ಈ ಆಸಾಮಿಗೆ ಅಲ್ಲಿನವರು ಇಟ್ಟ ಹೆಸರು ರೇಡಿಯೋ. ಇರುವುದು ನಮ್ಮ ಮನೆಯಲ್ಲೇ.

ಹೊಗೆ ಸೇದುವವರ ಎಂಜಲು ಹೇಗೆ ಕೆಡುತ್ತದೆ ಎಂದು ಡಾಕ್ಟರಮ್ಮ ಪರೀಕ್ಷೆ ಮಾಡುತ್ತಿದ್ದರು. ಸಿಗರೇಟಿನವರು, ಚುಟ್ಟಾದವರು, ಹುಕ್ಕಾದವರು, ಏನೂ ಸೇದದವರು ಎಂದು ನಾಲ್ಕು ಗುಂಪು. ಬೆಳಿಗ್ಗೆ ಏನೂ ತಿನ್ನದೆ ಬಂದು, ಐದು ನಿಮಿಷ ತಲೆ ತಗ್ಗಿಸಿ ಕುಳಿತು, ತಾನಾಗಿ ಊರಿದ ಎಂಜಲನ್ನು ಬಟ್ಟಲಿಗೆ ಬಿಡಬೇಕು. ಅದರಲ್ಲಿ ಅದ್ದಿದ ಕಾಗದದ ಪಟ್ಟಿ ಹಳದಿಗೆ ತಿರುಗಿದರೆ ಎಂಜಲು ಹುಳಿಯಾಗಿದೆ ಎಂದರ್ಥ; ಹಸಿರಾದರೆ ಸರಿಯಾಗಿದೆ. ಒಂದು ಮೇಜಿನಲ್ಲಿ ನರ್ಸ್, ಇನ್ನೊಂದರಲ್ಲಿ ನಮ್ಮ ರೇಡಿಯೋ.

ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ನನ್ನನ್ನು ಕರೆದರು. ನರ್ಸಿನ ಮೇಜಿನಲ್ಲಿ ಸೇದುವವರ ಪಟ್ಟಿಗಳು ಹಳದಿ, ಅದರಲ್ಲೂ ಚುಟ್ಟಾದವರದ್ದು ಹೆಚ್ಚು. ರೇಡಿಯೋ ಮೇಜಿನಲ್ಲಿ ಎಲ್ಲರದ್ದೂ ಹಸಿರು.

"ನಿಮ್ಮ ಬಾಮೈದ ಸಿಗರೇಟು ಮುಟ್ಟಲ್ಲ ಅಲ್ವಾ?" ಎಂದರು.

ಬಟ್ಟಲಿಗೆ ಅವನೇ ಉಗುಳುತ್ತಿದ್ದಾನೆ ಎಂಬುದು ಅವರ ಅನುಮಾನ. ಸೋಮವಾರದೊಳಗೆ ಸರಿಯಾದ ಉತ್ತರ ಸಿಗದಿದ್ದರೆ ಕೆಲಸದಿಂದ ತೆಗೆಯುವುದಾಗಿ ಹೇಳಿದರು.

ನನಗೆ ಪಿತ್ತ ನೆತ್ತಿಗೇರಿತು. ದಿನಾ ಎರಡು ಚೊಂಬು ನೀರು ಕುಡಿದೇ ಹೊರಡುತ್ತಾನಲ್ಲ, ಅಷ್ಟು ನೀರು ಯಾರ ಬಟ್ಟಲಿಗೆ? ಮನೆಗೆ ಹೋದವನೇ ಅವನ ಕಾಲರ್ ಹಿಡಿದು ಕೇಳಿದೆ. ಕಣ್ಣು ಮಿಟುಕಿಸದೆ ಇಲ್ಲ ಎಂದ. ಅಷ್ಟು ಸಲೀಸಾಗಿ ಇಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಹೆಂಡತಿ ಅಡ್ಡ ಬಂದಳು.

"ನಿಮ್ಮ ಕಣ್ಣಿಗೆ ಎಲ್ಲರೂ ಕಳ್ಳರೇ. ನೀವೂ ಸೇದ್ತೀರಲ್ಲ, ಹೋಗಿ ಅವನ ಮುಂದೆ ಕೂತ್ಕೊಳ್ಳಿ."

ಮರುದಿನ ಕುಳಿತೆ. ಮೊದಲು ನರ್ಸಿನ ಮೇಜಿನಲ್ಲಿ ಕೊಟ್ಟೆ, ಪಟ್ಟಿ ಹಳದಿ. ಆಮೇಲೆ ಇವನ ಮುಂದೆ. ಅವನ ಕೈ ಮೇಲೇ ಕಣ್ಣಿಟ್ಟಿದ್ದೆ. ಬಟ್ಟಲನ್ನು ಅವನು ಮುಟ್ಟಲೂ ಇಲ್ಲ. ಎರಡು ನಿಮಿಷವಾದರೂ ನನ್ನ ನಾಲಿಗೆ ಒಣ ಹಲಗೆಯಂತಿತ್ತು. ಆಗ ಅವನು ಮರುಕದಿಂದ ಶುರು ಮಾಡಿದ.

"ಗಾಬರಿ ಆಗ್ಬೇಡಿ ಭಾವ. ಒಂದು ನಿಂಬೆಹಣ್ಣು ನೆನೆಸ್ಕೊಳ್ಳಿ. ಚಾಕು ಇಟ್ರೆ ಚಿರ್ ಅಂತ ರಸ ಹಾರ್ಬೇಕು, ಅಂಥದ್ದು. ಹೋಳು ಮಾಡಿ, ಉಪ್ಪು ಸವರಿ, ನಾಲಿಗೆ ಮೇಲೆ ಇಟ್ಕೊಂಡ್ರೆ..."

ಬಟ್ಟಲು ತುಂಬಿತು. ಪಟ್ಟಿ ಹಸಿರಾಯಿತು.

ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದೆ. ಕೇಳಿ ಅವರು ತಲೆ ಹಿಡಿದುಕೊಂಡರು. ಸುಮ್ಮನೆ ಊರುವ ಎಂಜಲು ಬೇರೆ, ಬಾಯಲ್ಲಿ ನೀರೂರಿ ಹರಿಯುವ ಎಂಜಲು ಬೇರೆಯಂತೆ. ಹರಿಯುವುದು ಹುಳಿಯನ್ನು ತಗ್ಗಿಸುತ್ತದಂತೆ. ಈ ಪುಣ್ಯಾತ್ಮ ಎರಡು ತಿಂಗಳು ಬಂದವರಿಗೆಲ್ಲ ಬಾಯಿಮಾತಿನಲ್ಲೇ ನಿಂಬೆ ಹಿಂಡಿದ್ದ.

"ಪಾಪ, ಬಾಯಿ ಒಣಗಿ ಒದ್ದಾಡ್ತಿದ್ರು" ಎಂದ.

ಡಾಕ್ಟರಮ್ಮ ಅವನ ಮೇಜಿನ ಫಲಿತಾಂಶವನ್ನೆಲ್ಲ ಹೊಡೆದುಹಾಕಿದರು. "ಈಗ ನನ್ನ ಎದುರಿಗೇ ಒಬ್ಬರ ಎಂಜಲು ಹಿಡಿದು ತೋರಿಸು, ಒಂದು ಮಾತಾಡಿದರೂ ಮನೆಗೆ ಹೋಗು" ಎಂದರು. ಚುಟ್ಟಾ ಸೇದುವ ಮುದುಕನೊಬ್ಬ ಬಂದು ಕುಳಿತ. ಬಾಯಲ್ಲಿ ಹನಿಯಿಲ್ಲ. ದೈನ್ಯದಿಂದ ರೇಡಿಯೋ ಮುಖ ನೋಡಿದ. ನಮ್ಮವನ ತುಟಿ ಅಲ್ಲಾಡಿತು. ಕೆಟ್ಟಿತು ಕೆಲಸ ಎಂದುಕೊಂಡು ನಾನು ಬಾಗಿಲಲ್ಲಿ ಹಲ್ಲು ಕಚ್ಚಿ ನಿಂತೆ. ಅವನು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿಬಿಟ್ಟ.

ಐದು ನಿಮಿಷಕ್ಕೆ ಬಟ್ಟಲಿನ ತಳ ಮುಚ್ಚುವಷ್ಟು ಬಿತ್ತು. ಪಟ್ಟಿ ಹಳದಿಗೆ ತಿರುಗಿತು. ನಾಳೆ ಎಂಟಕ್ಕೆ ಬಂದುಬಿಡು ಎಂದರು ಡಾಕ್ಟರಮ್ಮ. ಅವನು ಹೂಂ ಎನ್ನಲೂ ಹೆದರಿ ತಲೆಯಾಡಿಸಿದ.