ಗದ್ದೆಗೆ ಇಳಿದ ಮೈಕು

ಮಕ್ಕಳೇ, ನಾನು ನಿಮಗಿಂತ ಚಿಕ್ಕವನಿದ್ದಾಗ ನಮ್ಮ ಮನೆ ಹರಿಹರದ ಹತ್ತಿರದ ಒಂದು ಹಳ್ಳಿಯಲ್ಲಿ, ನಾಯಕರ ಕೇರಿಯಲ್ಲಿತ್ತು. ಭತ್ತದ ನಾಟಿ ಮಾಡುವಾಗ ನಮ್ಮ ಕೇರಿಯ ಹೆಂಗಸರು ಹಾಡುತ್ತಿದ್ದ ಪದಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ಅಕ್ಕ ಮೊದಲ ಸಾಲು ಎತ್ತುತ್ತಿದ್ದಳು, ಉಳಿದ ಏಳು ಜನ ಅದನ್ನು ಹಿಡಿಯುತ್ತಿದ್ದರು. ಊರಿನ ದೊಡ್ಡ ಮನೆಯವರು ಅದನ್ನು ಕೂಲಿಯವರ ಗಲಾಟೆ ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ, ನಮ್ಮಂಥ ಬುಡಕಟ್ಟಿನವರ ಹಾಡುಗಳ ಕಾರ್ಯಕ್ರಮಕ್ಕಾಗಿ ರೇಡಿಯೋದವರು ನಮ್ಮೂರಿಗೇ ಬರುತ್ತಾರೆ ಎಂದು ಅಪ್ಪ ಹೇಳಿದರು. ಆ ದೊಡ್ಡ ಮನೆಗಳ ಮುಂದೆ ನಾನು ಬೇಕೆಂದೇ ಆ ಸುದ್ದಿಯನ್ನು ಎರಡೆರಡು ಸಲ ಕೂಗಿ ಸಾರಿ ಬಂದೆ.

ಶಾಲೆಯ ಕೋಣೆಯಲ್ಲಿ ಮೈಕು ನಿಲ್ಲಿಸಿ ಕಿಟಕಿಗಳನ್ನೆಲ್ಲ ಮುಚ್ಚಿದರು. ಒಳಗೆ ಸುಣ್ಣದ ವಾಸನೆ, ಮಲ್ಲಿಗೆಯ ಘಮ, ತಡೆಯಲಾರದ ಸೆಕೆ. ಹಬ್ಬದ ಸೀರೆ ಉಟ್ಟ ಎಂಟು ಜನ ಸಾಲಾಗಿ ನಿಂತರು. ಅಕ್ಕ ಬಾಯಿ ತೆರೆದಳು. ಪದವೇ ಬರಲಿಲ್ಲ! ನಾಟಿ ಮಾಡುವವರು ಬಗ್ಗಿ ಸಸಿ ಊರುತ್ತಾ ಹಿಂದಕ್ಕೆ ಸರಿಯುತ್ತಾರೆ. ನಮ್ಮ ಪದ ಆ ಹೆಜ್ಜೆಯ ಮೇಲೇ ನಡೆಯುತ್ತದೆ. ಅಕ್ಕ ಬಗ್ಗಿದಳು, ಉಳಿದವರೂ ಬಗ್ಗಿದರು. ಆಗ ಪದ ಸರಾಗವಾಗಿ ಬಂತು. ಆದರೆ ಹಾಡುತ್ತಾ ಹಾಡುತ್ತಾ ಎಲ್ಲರೂ ಮೈಕು ಬಿಟ್ಟು ಹಿಂದಿನ ಗೋಡೆಗೆ ಹೋಗಿ ತಾಗಿದರು.

ರೇಡಿಯೋದ ಸಾಹೇಬರು ರೇಗಿದರು. "ಅಲುಗಾಡದೆ ನಿಂತು ಹಾಡಿ. ಇಲ್ಲದಿದ್ದರೆ ಪೇಟೆಯ ಗಾಯಕರಿಂದಲೇ ಈ ಹಾಡು ಹಾಡಿಸುತ್ತೇನೆ."

ನಮ್ಮ ಪದ, ಬೇರೆಯವರ ದನಿಯಲ್ಲಿ! ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಈ ಪದ ಗದ್ದ್ಯಾಗ ಹುಟ್ಟೈತ್ರಿ ಸಾಹೇಬ್ರೆ. ಬೇಕಂದ್ರೆ ಅಲ್ಲಿಗೇ ಬರ್ರಿ. ಇಲ್ಲಾಂದ್ರೆ ಬ್ಯಾಡ ಬಿಡ್ರಿ" ಎಂದವಳೇ ಹೊರಟುಬಿಟ್ಟಳು.

ಎಂಟೂ ಜನ ಹಬ್ಬದ ಸೀರೆಯಲ್ಲೇ ಕೆಸರಿಗೆ ಇಳಿದರು. ಸಸಿಯ ಕಟ್ಟುಗಳನ್ನು ಎಸೆದುಕೊಡುತ್ತಾ ನಾನು ಮತ್ತೆ ಮತ್ತೆ ಶಾಲೆಯ ಕಡೆ ನೋಡಿದೆ. ಬಹಳ ಹೊತ್ತು ಯಾರೂ ಬರಲಿಲ್ಲ. ಅಕ್ಕನ ದನಿ ಮಾತ್ರ ಇಳಿಯಲಿಲ್ಲ. ಕೊನೆಗೆ ಬದುವಿನ ಮೇಲೆ ಸಾಹೇಬರು ಕಾಣಿಸಿದರು. ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಹೆಗಲಿಗೆ ರೆಕಾರ್ಡಿಂಗ್ ಯಂತ್ರ ನೇತುಹಾಕಿಕೊಂಡು ಗದ್ದೆಗೆ ಇಳಿದರು. ಅಕ್ಕ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಅವರು ಮೈಕು ಚಾಚಿಕೊಂಡು ಒಂದು ಹೆಜ್ಜೆ ಮುಂದಕ್ಕೆ. ಒಮ್ಮೆ ಮುಗ್ಗರಿಸಿ ಮೊಣಕಾಲೂರಿದರೂ ಮೈಕನ್ನು ನೀರಿಗೆ ಬಿಡಲಿಲ್ಲ. ಅದಕ್ಕಾಗಿ ಅವರನ್ನು ಕ್ಷಮಿಸಿದೆ.

ಈಗ ನಾವು ದಾವಣಗೆರೆಯ ವಿನೋಬನಗರದಲ್ಲಿದ್ದೇವೆ. ನಾಟಿಗೆ ಯಂತ್ರ ಬಂದಿದೆ, ನಿಮ್ಮ ಕಾಲಿಗೆ ಕೆಸರೇ ತಾಗಿಲ್ಲ. ಮೊನ್ನೆ ರೇಡಿಯೋದವರು ಆ ಹಳೆಯ ಪದವನ್ನು ಮತ್ತೆ ಹಾಕಿದ್ದರು. ಮೊಬೈಲಿನಲ್ಲಿ ಅದನ್ನು ಕೇಳಿ, "ಅಜ್ಜ, ನಡುವೆ ಪಚಕ್ ಪಚಕ್ ಅಂತೈತಲ್ಲ, ಏನದು?" ಎಂದಿರಿ. ಅದು ಅಕ್ಕ ಹಿಂದಕ್ಕೆ ಇಟ್ಟ ಹೆಜ್ಜೆ, ಮಕ್ಕಳೇ. ನಾಳೆ ನಿಮ್ಮ ಶಾಲೆಯಲ್ಲಿ ಈ ಪದ ಹಾಡುವಾಗ ಕೈಕಟ್ಟಿ ನೆಟ್ಟಗೆ ನಿಲ್ಲಿ ಎಂದು ಯಾರಾದರೂ ಹೇಳಿದರೆ ನಿಲ್ಲಬೇಡಿ. ಬಗ್ಗಿ, ಹಿಂದಕ್ಕೆ ಸರಿಯಿರಿ. ಬೇಕಾದರೆ ಮೈಕೇ ನಿಮ್ಮ ಬಳಿಗೆ ಬರಲಿ.